ಓದುಗರ ಟೆಕ್ ಪ್ರಶ್ನೆ: ಡೇಟಾಶೀಟ್ ಒಂದು ಹೇಳತ್ತೆ, ಕರ್ನಲ್ ಡಾಕ್ಯುಮೆಂಟ್ ಇನ್ನೊಂದು

ಪ್ರಶ್ನೆ: ನಮಸ್ತೆ ಸರ್, ಶಿರಸಿ ಹತ್ರ ನಮ್ದು ಅಡಿಕೆ ತೋಟ. ಅಡಿಕೆ ಒಣಗಿಸೋ ಡ್ರೈಯರ್‌ಗೆ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟು ಎಲ್‌ಎಂ75 ಟೆಂಪರೇಚರ್ ಸೆನ್ಸರ್ ಹಾಕಿದ್ದೇನೆ. ಸೆನ್ಸರ್ ಜೊತೆ ಬಂದ ಶೀಟಲ್ಲಿ ಅಡ್ರೆಸ್ ಹೆಕ್ಸ್ (16ರ ಲೆಕ್ಕದ ಅಂಕಿ) 90 ಅಂತಿದೆ, ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡಾಕ್ಯುಮೆಂಟಲ್ಲಿ 48ರಿಂದ 4ಎಫ್ ಅಂತಿದೆ. ಇನ್ನೊಂದು ಚಿಪ್ ಬಗ್ಗೆ ಓದ್ತಿದ್ದೆ, ಅದರ ಕರ್ನಲ್ ಪುಟದಲ್ಲಿ 85 ಡಿಗ್ರಿ ತನಕ ಅಂತಿದ್ರೆ ಕಂಪನಿ ಡೇಟಾಶೀಟಲ್ಲಿ (ಚಿಪ್ ಮಾಡಿದವರೇ ಕೊಡೋ ವಿವರಪತ್ರ) 125. ಈ ಎರಡೂ ತಪ್ಪು ನಾನೇ ತಿದ್ದಿ ಕಳಿಸಬಹುದಾ?
– ಹೆಸರು ಬೇಡ, ಶಿರಸಿ

ಉತ್ತರ: ತಿದ್ದಿ ಕಳಿಸ್ಬಹುದು, ಕಳಿಸ್ಲೇಬೇಕು. ಆದ್ರೆ ಎರಡಲ್ಲ, ಬಹುಶಃ ಒಂದೇ. ಅಡ್ರೆಸ್ ವಿಷಯದಲ್ಲಿ ಯಾರದ್ದೂ ತಪ್ಪಿಲ್ಲ ಮಾರಾಯ್ರೆ. ಐ2ಸಿ (ಚಿಪ್ ಜೊತೆ ಮಾತಾಡೋ ಎರಡು ತಂತಿಯ ದಾರಿ) ಅಡ್ರೆಸ್ ಸಾಮಾನ್ಯವಾಗಿ ಇರೋದು 7 ಬಿಟ್, ಅದರ ಕೊನೆಗೆ ಓದೋದಾ ಬರೆಯೋದಾ ಅಂತ ಹೇಳೋ ಒಂದು ಬಿಟ್ ಸೇರತ್ತೆ, ಕೆಲವರು ಅದನ್ನೂ ಸೇರಿಸಿ 8 ಬಿಟ್ ಮಾಡಿ ಬರೀತಾರೆ, ಆಗ 48 ಹೋಗಿ ಬರೆಯೋಕೆ 90, ಓದೋಕೆ 91 ಆಗತ್ತೆ. ಲಿನಕ್ಸಲ್ಲಿ ಯಾವಾಗ್ಲೂ 7 ಬಿಟ್ಟೇ. ಪೈಯಲ್ಲಿ ಐ2ಸಿ-ಡಿಟೆಕ್ಟ್ ಕಮಾಂಡ್ ಓಡಿಸಿ ನೋಡಿ, 40ರ ಸಾಲಲ್ಲಿ 8ರ ಕೆಳಗೆ 48 ಅಂತ ಕಾಣತ್ತೆ, ಡ್ರೈವರ್ (ಚಿಪ್ ನಡೆಸೋ ಕರ್ನಲ್ ಕೋಡ್) ಆಗಲೇ ಆ ಚಿಪ್ ಹಿಡ್ಕೊಂಡಿದ್ರೆ ಅದೇ ಜಾಗದಲ್ಲಿ ಯುಯು ಅಂತ ಬರತ್ತೆ. ಹಾಗೇ ಕೆಲವು ಚಿಪ್‌ಗಳ ಪುಟದಲ್ಲಿ "ಅಡ್ರೆಸಸ್ ಸ್ಕ್ಯಾನ್ಡ್: ನನ್" (ಹುಡುಕಿದ ಅಡ್ರೆಸ್: ಯಾವುದೂ ಇಲ್ಲ) ಅಂತ ಇರತ್ತೆ, ಅದನ್ನ ನೋಡಿ ಅಡ್ರೆಸ್ಸೇ ಬರೆದಿಲ್ಲ ಅಂತ ತಿದ್ದೋಕೆ ಹೋಗ್ಬೇಡಿ, ಡ್ರೈವರ್ ತಾನಾಗಿ ಹುಡುಕಲ್ಲ, ನಾವೇ ಹೇಳ್ಬೇಕು ಅಂತಷ್ಟೇ ಅದರ ಅರ್ಥ.

ಇನ್ನು 85 ಮತ್ತು 125. ಇದು ನಿಜವಾದ ತಪ್ಪು ಇರೋ ಸಾಧ್ಯತೆ ಜಾಸ್ತಿ, ಆದ್ರೂ ಮೊದಲು ಚಿಪ್ ಮೇಲಿನ ಪೂರ್ತಿ ನಂಬರ್ ನೋಡಿ, ಕೊನೆಯ ಅಕ್ಷರ ಬಿಡ್ಬೇಡಿ. ನಿಮ್ಮ ಎಲ್‌ಎಂ75ನೇ ತಗೊಳ್ಳಿ, ನ್ಯಾಷನಲ್ ಸೆಮಿಕಂಡಕ್ಟರ್‌ನವರ ಹಳೇ ಚಿಪ್ 9 ಬಿಟ್, ಅರ್ಧ ಅರ್ಧ ಡಿಗ್ರಿ ಹೆಜ್ಜೆ, ಎನ್‌ಎಕ್ಸ್‌ಪಿಯವರ ಎಲ್‌ಎಂ75ಬಿ 11 ಬಿಟ್, 0.125 ಡಿಗ್ರಿ ಹೆಜ್ಜೆ. ಟೆಂಪ್1-ಇನ್‌ಪುಟ್ ಫೈಲಲ್ಲಿ (ಡ್ರೈವರ್ ಅಳತೆ ತೋರಿಸೋ ಜಾಗ, ಡಿಗ್ರಿಯ ಸಾವಿರದ ಒಂದು ಪಾಲಿನ ಲೆಕ್ಕ) 27500 ಅಂತ ಬಂದ್ರೆ 27.5 ಡಿಗ್ರಿ, ಅಲ್ಲಿಂದ ಸೀದಾ 28000ಕ್ಕೆ ಹಾರಿದ್ರೆ 9 ಬಿಟ್ ಲೆಕ್ಕ ನಡೀತಿದೆ, 27625 ಅಂತ ಬಂದ್ರೆ 11 ಬಿಟ್. ಇಲ್ಲೂ ಒಂದು ಮಾತಿದೆ, ಬೋರ್ಡ್ ಮೇಲೆ ಇರೋದು 75ಬಿ ಆದ್ರೂ ನೀವು ಡಿವೈಸ್ ಟ್ರೀಯಲ್ಲಿ (ಬೋರ್ಡಲ್ಲಿ ಯಾವ ಚಿಪ್ ಇದೆ ಅಂತ ಕರ್ನಲ್ಲಿಗೆ ಹೇಳೋ ಪಟ್ಟಿ) ಬರೀ ಎಲ್‌ಎಂ75 ಅಂತ ಬರೆದಿದ್ರೆ ಡ್ರೈವರ್ ನಿಮ್ಮ ಮಾತೇ ನಂಬಿ 9 ಬಿಟ್ ಲೆಕ್ಕ ಹಾಕತ್ತೆ. ಅಂದ್ರೆ ಡಾಕ್ಯುಮೆಂಟ್ ಸರಿ, ಚಿಪ್ಪೂ ಸರಿ, ಕಾನ್ಫಿಗರೇಶನ್ ತಪ್ಪು.

ಹಾಗಾಗಿ ಡೇಟಾಶೀಟ್ ಮತ್ತೆ ಡಾಕ್ಯುಮೆಂಟ್ ಎರಡನ್ನೇ ಪಕ್ಕ ಇಟ್ಕೊಂಡ್ರೆ ಸಾಲ್ದು, ಡ್ರೈವರ್ ಕೋಡನ್ನೂ ತೆಗೆದು ನೋಡಿ. ಲಿಮಿಟ್ ಸೆಟ್ ಮಾಡೋ ಜಾಗದಲ್ಲಿ 125000 ಅಂತ ಕಂಡ್ರೆ ಕೋಡೂ ಡೇಟಾಶೀಟೂ ಒಂದೇ ಮಾತು ಹೇಳ್ತಿವೆ, ತಿದ್ದಬೇಕಾದ್ದು ಡಾಕ್ಯುಮೆಂಟ್ ಮಾತ್ರ. ಕೋಡಲ್ಲೂ 85000 ಇದ್ರೆ ಅದು ಬೇರೆ ಕಥೆ, ಬರೀ ಡಾಕ್ಯುಮೆಂಟ್ ತಿದ್ದಿದ್ರೆ ಹೊಸ ತಪ್ಪು ಹುಟ್ಟತ್ತೆ, ಮೊದಲು ಆ ಕೋಡ್ ನೋಡ್ಕೊಳ್ಳೋ ಮೇಂಟೇನರ್‌ಗೆ ಬರೆದು ಕೇಳಿ. ಡೇಟಾಶೀಟ್‌ನ ಕೊನೇ ಪುಟಗಳಲ್ಲಿ ರಿವಿಶನ್ ಹಿಸ್ಟರಿ ಇರತ್ತಲ್ಲ, ಅದನ್ನೂ ಓದಿ, ಕಂಪನಿಯೇ ಆಮೇಲೆ ಅಂಕಿ ಬದಲಿಸಿರಬಹುದು.

ಕಳಿಸುವಾಗ ಒಂದು ಪ್ಯಾಚಲ್ಲಿ (ತಿದ್ದಿದ್ದನ್ನ ಕಳಿಸೋ ಫೈಲ್) ಒಂದೇ ತಿದ್ದುಪಡಿ. ಯಾವ ಡೇಟಾಶೀಟ್, ಯಾವ ರಿವಿಶನ್, ಯಾವ ಟೇಬಲ್ ಅಂತ ಕಮಿಟ್ ಮೆಸೇಜಲ್ಲೇ (ಬದಲಾವಣೆ ಜೊತೆ ದಾಖಲಾಗೋ ವಿವರಣೆ) ಬರೀರಿ, ಓದೋರು ಆ ಪುಟ ತೆಗೆದ ಕೂಡಲೇ ಅಂಕಿ ಕಣ್ಣಿಗೆ ಬೀಳಬೇಕು. ತಪ್ಪು ಯಾವ ಕಮಿಟ್‌ನಿಂದ ಬಂತು ಅಂತ ಗಿಟ್ ಬ್ಲೇಮಲ್ಲಿ (ಯಾವ ಸಾಲು ಯಾವ ಬದಲಾವಣೆಯಲ್ಲಿ ಬಂತು ಅಂತ ತೋರಿಸೋ ಕಮಾಂಡ್) ಹುಡುಕಿ, ಅದರ ಐಡಿಯ ಮೊದಲ 12 ಅಕ್ಷರ ಮತ್ತೆ ಶೀರ್ಷಿಕೆ ಹಾಕಿ ಫಿಕ್ಸಸ್ ಅಂತ ಒಂದು ಸಾಲು ಸೇರಿಸಿ, ಕೆಳಗೆ ನಿಮ್ಮ ಹೆಸರಿನ ಸೈನ್ಡ್-ಆಫ್-ಬೈ (ಇದನ್ನ ಕಳಿಸೋ ಹಕ್ಕು ನನಗಿದೆ ಅನ್ನೋ ಸಾಲು). ಇದಕ್ಕೆ ಪೂರ್ತಿ ಹಿಸ್ಟರಿ ಬೇಕು, ಕರ್ನಲ್ ರೆಪೊ (ಕೋಡಿನ ಭಂಡಾರ) ಜಿಬಿಗಟ್ಟಲೆ ಇರೋದ್ರಿಂದ ಮಳೆಗಾಲದಲ್ಲಿ ಹಳ್ಳಿ ನೆಟ್ಟಲ್ಲಿ ಇಳಿಸೋದು ಕಷ್ಟ, ಪೇಟೆಗೆ ಹೋದಾಗ ಫೈಬರ್ ಇರೋ ಕಡೆ ಒಂದ್ಸಲ ಇಳಿಸ್ಕೊಂಡು ಬನ್ನಿ, ಆಮೇಲೆ ಹೊಸದಷ್ಟೇ ಬರತ್ತೆ. ಪ್ಯಾಚಿನ ಬರವಣಿಗೆ ಪರೀಕ್ಷಿಸೋ ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳಿಸ್ಬೇಕು ಅಂತ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳತ್ತೆ, ಗಿಟ್ ಸೆಂಡ್-ಇಮೇಲಲ್ಲಿ ಪ್ಲೇನ್ ಟೆಕ್ಸ್ಟ್ ಆಗಿ ಕಳಿಸಿ, ಅಟ್ಯಾಚ್‌ಮೆಂಟ್ ಬೇಡ.

ಪ್ರಶ್ನೆ: ನನಗೆ ಸಿ ಪ್ರೋಗ್ರಾಮಿಂಗ್ ಅಷ್ಟಾಗಿ ಬರಲ್ಲ. ಡಾಕ್ಯುಮೆಂಟಲ್ಲಿ ಒಂದು ಅಂಕಿ ತಿದ್ದಿದ್ರೆ ಅದನ್ನ ಯಾರಾದ್ರೂ ಲೆಕ್ಕಕ್ಕೆ ತಗೋತಾರಾ ಮೇಡಂ ಅಥವಾ ಸರ್?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ತಗೋತಾರೆ. ತಪ್ಪು ಅಂಕಿ ನಂಬಿ ಯಾರೋ ಬೋರ್ಡ್ ಡಿಸೈನ್ ಮಾಡಿದ್ರೆ ಅವರ ದುಡ್ಡೂ ಸಮಯವೂ ಹೋಗತ್ತೆ, ನಿಮ್ಮ ಒಂದು ಸಾಲು ಅದನ್ನ ತಪ್ಪಿಸತ್ತೆ. ಸಿ ಬರೆಯೋಕೆ ಬರದಿದ್ರೂ ಪರವಾಗಿಲ್ಲ, ಅದರಲ್ಲಿ ಅಂಕಿ ಹುಡುಕೋಷ್ಟು ಓದೋಕೆ ಬಂದ್ರೆ ಸಾಕು. ಕಳಿಸೋ ಮುಂಚೆ ಮೇಕ್ ಎಚ್‌ಟಿಎಂಎಲ್-ಡಾಕ್ಸ್ (ಡಾಕ್ಯುಮೆಂಟನ್ನ ವೆಬ್ ಪುಟ ಮಾಡೋ ಕಮಾಂಡ್) ಓಡಿಸಿ ಪುಟ ಸರಿ ಕಾಣ್ತದಾ ನೋಡ್ಕೊಳ್ಳಿ. ಉತ್ತರ ಬರಲಿಲ್ಲ ಅಂತ ಮರುದಿನವೇ ಮತ್ತೆ ಕಳಿಸ್ಬೇಡಿ, ಕಮ್ಮಿ ಅಂದ್ರೂ ಒಂದು ವಾರ ಬಿಟ್ಟು ವಿನಯದಿಂದ ನೆನಪಿಸಿ. ಏನಾದ್ರೂ ಬದಲಿಸಿ ಅಂದ್ರೆ ವಿ2 (ಎರಡನೇ ಆವೃತ್ತಿ) ಅಂತ ಹಾಕಿ ಕಳಿಸಿ, ಏನು ಬದಲಾಯ್ತು ಅನ್ನೋದನ್ನ ಮೂರು ಗೀಟಿನ (---) ಗೆರೆಯ ಕೆಳಗೆ ಬರೀರಿ, ಅಲ್ಲಿ ಬರೆದದ್ದು ಕಮಿಟ್ ಒಳಗೆ ಸೇರಲ್ಲ.