ಅಕ್ಕನಿಗೆ ಅನೊರೆಕ್ಸಿಯಾ ಇತ್ತು, ನನ್ನ ಮಗಳಿಗೂ ಬರಬಹುದೇ?

ನಿಮ್ಮ ಅಕ್ಕನಿಗೆ ಕಾಲೇಜಿನ ದಿನಗಳಲ್ಲಿ ಅನೊರೆಕ್ಸಿಯಾ (ಮೈ ತೀರಾ ಕೃಶವಾದರೂ ಊಟ ಬಿಡುತ್ತಲೇ ಹೋಗುವ ಕಾಯಿಲೆ) ಇದ್ದುದರಿಂದ ಅದು ನಿಮ್ಮ ಮನೆತನದ ರಕ್ತದಲ್ಲೇ ಇದೆ ಎಂದು ಅತ್ತೆಯವರು ಹೇಳುತ್ತಾರೆ, ಮೊಬೈಲು ಕಿತ್ತಿಟ್ಟರೆ ಯಾವ ಭಯವೂ ಇಲ್ಲ ಎಂದು ನಿಮ್ಮ ಪತಿ ಹೇಳುತ್ತಾರೆ, ಹನ್ನೆರಡು ವರ್ಷದ ಮಗಳ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು ಎಂದು ನೀವು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ವಿದ್ಯಾರ್ಥಿಗಳ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿರುವುದರಿಂದ ಈ ಕಾಯಿಲೆಗೆ ಸಿಕ್ಕಿದ ಮಕ್ಕಳನ್ನೂ ಅವರ ತಾಯ್ತಂದೆಯರನ್ನೂ ಹತ್ತಿರದಿಂದ ಕಂಡಿದ್ದೇನೆ, ಸಂಶೋಧನೆಗಳನ್ನು ಓದುತ್ತಾ ಬಂದಿದ್ದೇನೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಈ ಎರಡನ್ನೂ ಬೆಸೆಯುವ ಸಂಗತಿಯನ್ನು, ಅಂದರೆ ಬೆಳೆಯುವ ದೇಹ ಅರೆಹೊಟ್ಟೆಯಲ್ಲಿ ಉಳಿಯುವುದನ್ನು, ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಮೊದಲು ವಂಶದ ಮಾತು. ಅನೊರೆಕ್ಸಿಯಾ ಇರುವವರ ತಾಯಿ, ಮಗಳು, ಅಕ್ಕತಂಗಿಯರಲ್ಲಿ ಅದು ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಸುಮಾರು 11 ಪಟ್ಟು ಹೆಚ್ಚು ಎಂದು 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಕುಟುಂಬ ಅಧ್ಯಯನ ಹೇಳಿತು. ಸಂಖ್ಯೆ ಹೆದರಿಸುವಂತಿದೆ. ಆದರೆ ಪಾಶ್ಚಾತ್ಯ ದೇಶಗಳಲ್ಲಿಯೂ ನೂರು ಹೆಂಗಸರಲ್ಲಿ ಒಬ್ಬರ ಆಸುಪಾಸಿನಲ್ಲಷ್ಟೇ ಕಾಣುವ ಕಾಯಿಲೆ ಹನ್ನೊಂದು ಪಟ್ಟಾದರೂ ಅಂಥ ಕುಟುಂಬಗಳ ಬಹುಪಾಲು ಹೆಣ್ಣುಮಕ್ಕಳಿಗೆ ಅದು ಬರುವುದೇ ಇಲ್ಲ. ಮೇಲಾಗಿ ನಿಮ್ಮ ಮಗಳು ರೋಗಿಯ ಮಗಳಲ್ಲ, ತಂಗಿಯ ಮಗಳು. ಅವಳಿಗಳ ಅಧ್ಯಯನಗಳು ಅನೊರೆಕ್ಸಿಯಾದಲ್ಲಿ ಆನುವಂಶಿಕತೆಯ ಪಾಲನ್ನು ಸಾಮಾನ್ಯವಾಗಿ ಶೇ. 50ರಿಂದ 60 ಎಂದು ಅಂದಾಜು ಮಾಡುತ್ತವೆ. ಇದನ್ನು "ಬರುವ ಸಾಧ್ಯತೆ ಶೇ. 60" ಎಂದು ಓದಿಕೊಂಡು ನಿದ್ದೆಗೆಡುವ ತಾಯಂದಿರಿದ್ದಾರೆ. ಅದರ ಅರ್ಥ ಹಾಗಲ್ಲ. ಒಂದು ಜನಸಮುದಾಯದಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದನ್ನಷ್ಟೇ ಆ ಅಂಕಿ ತಿಳಿಸುತ್ತದೆ, ಯಾವುದೇ ಒಬ್ಬ ಹುಡುಗಿಯ ಭವಿಷ್ಯವನ್ನಲ್ಲ.

ಹಾಗಾದರೆ ವಂಶದಲ್ಲಿ ಹರಿದುಬರುವುದಾದರೂ ಏನು? 2019ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, 17 ದೇಶಗಳ ಸುಮಾರು 17 ಸಾವಿರ ರೋಗಿಗಳ ಡಿಎನ್ಎಯನ್ನು 55 ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಡಿಎನ್ಎಯೊಂದಿಗೆ ಹೋಲಿಸಿ, ಅನೊರೆಕ್ಸಿಯಾಕ್ಕೆ ಸಂಬಂಧಿಸಿದ ಎಂಟು ತಾಣಗಳನ್ನು ಗುರುತಿಸಿತು. ಗೀಳು, ಆತಂಕ ಮತ್ತು ಖಿನ್ನತೆಯ ವಂಶವಾಹಿಗಳೊಂದಿಗೆ ಅದರ ನಂಟು ನಿರೀಕ್ಷಿತವೇ ಆಗಿತ್ತು. ಹೊಸದಾಗಿ ಕಂಡದ್ದೆಂದರೆ, ಇನ್ಸುಲಿನ್ ಪ್ರಮಾಣ, ಕೊಬ್ಬಿನ ಅಂಶ, ದೇಹತೂಕ ಮತ್ತು ದೈಹಿಕ ಚಟುವಟಿಕೆಗಳನ್ನು ಪ್ರಭಾವಿಸುವ ವಂಶವಾಹಿಗಳೊಂದಿಗೂ ಅದಕ್ಕಿದ್ದ ನಂಟು. ಕಾಯಿಲೆ ಮನಸ್ಸಿನದಷ್ಟೇ ಅಲ್ಲ, ಚಯಾಪಚಯದ್ದೂ, ಅಂದರೆ ದೇಹ ಆಹಾರವನ್ನು ಶಕ್ತಿಯಾಗಿ ಬಳಸಿಕೊಳ್ಳುವ ಬಗೆಯದ್ದೂ ಹೌದು ಎಂಬ ಕಡೆಗೆ ಇದು ಕೈತೋರಿಸುತ್ತದೆ. ಒಂದೊಂದು ತಾಣದ ಪ್ರಭಾವವೂ ಬಹಳ ಸಣ್ಣದು. ಆದ್ದರಿಂದ ರಕ್ತಪರೀಕ್ಷೆ ಮಾಡಿ ಅನೊರೆಕ್ಸಿಯಾ ಬರುತ್ತದೆಯೋ ಇಲ್ಲವೋ ಹೇಳುತ್ತೇವೆ ಎನ್ನುವವರಿಗೆ ದಯವಿಟ್ಟು ಹಣ ಕೊಡಬೇಡಿ.

ಇಲ್ಲಿಂದ ಹಸಿವಿನ ವಿಷಯಕ್ಕೆ ಬರುತ್ತೇನೆ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಕಾದಲು ನಿರಾಕರಿಸಿದ್ದ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆ ಪಡೆದು ಪ್ರಯೋಗಕ್ಕೆ ತೆಗೆದುಕೊಂಡು, ಮುಂದೆ 24 ವಾರ ಅರೆಹೊಟ್ಟೆಯಲ್ಲಿರಿಸಿದರು. ದೇಹತೂಕದ ಕಾಲುಭಾಗದಷ್ಟು ಕಳೆದುಕೊಂಡ ಆ ಯುವಕರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಸ್ನೇಹಿತರಿಂದ ದೂರವಾದರು; ಪ್ರಯೋಗ ಮುಗಿದ ಮೇಲೆ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದವಳು ಒಬ್ಬ ವಿದ್ಯಾರ್ಥಿನಿ. ಅವಳು ರಾತ್ರಿಯೆಲ್ಲ ಅಡುಗೆಯ ವಿಡಿಯೋಗಳನ್ನು ನೋಡುತ್ತಿದ್ದಳು, ಹಬ್ಬಕ್ಕೆ ಮನೆಮಂದಿಗೆಲ್ಲ ತಾನೇ ಹೋಳಿಗೆ ತಟ್ಟಿ ಬಡಿಸುತ್ತಿದ್ದಳು, ತನ್ನ ತಟ್ಟೆಯಲ್ಲಿ ಮಾತ್ರ ಅರ್ಧ ಹೋಳಿಗೆಯನ್ನು ಚೂರುಚೂರು ಮಾಡಿ ಅನ್ನದ ಅಡಿಗೆ ಸರಿಸಿಬಿಡುತ್ತಿದ್ದಳು. ಮಗಳಿಗೆ ಅಡುಗೆಯಲ್ಲಿ ಆಸಕ್ತಿ ಹುಟ್ಟಿದೆ ಎಂದು ತಾಯಿ ಸಂತೋಷಪಟ್ಟಿದ್ದರು. ನಾವು ಗುಣ ಎಂದುಕೊಂಡಿದ್ದರಲ್ಲಿ ಬಹಳಷ್ಟು ಹಸಿವಿನ ಪರಿಣಾಮವೇ ಆಗಿತ್ತು.

ಆದರೆ ಮಿನೆಸೋಟದ ಯುವಕರು ಅನೊರೆಕ್ಸಿಯಾ ರೋಗಿಗಳಾಗಲಿಲ್ಲ. ಊಟ ಸಿಕ್ಕಿದೊಡನೆ ಉಂಡರು. ವಂಶವಾಹಿಗಳು ಕೆಲಸ ಮಾಡುವುದು ಈ ಕವಲಿನಲ್ಲಿ ಎಂದು ನನಗನ್ನಿಸುತ್ತದೆ. ಹೆಚ್ಚಿನವರಿಗೆ ಹಸಿವು ಸಂಕಟ ಕೊಟ್ಟರೆ ಕೆಲವರಿಗೆ ಅದೇ ಹಸಿವು ಆತಂಕವನ್ನು ಶಮನ ಮಾಡುತ್ತದೆ, ಮನಸ್ಸಿಗೆ ಒಂದು ಹಿಡಿತ ಸಿಕ್ಕಂತಾಗುತ್ತದೆ, ಮೈ ಓಡಾಡಲು ಹವಣಿಸುತ್ತದೆ. ಇಲಿಗಳಲ್ಲಿಯೂ ಇದರ ಒಂದು ರೂಪ ಕಾಣುತ್ತದೆ: ದಿನಕ್ಕೆ ಒಂದು ಗಂಟೆ ಮಾತ್ರ ಆಹಾರ ಕೊಟ್ಟು ಗೂಡಿನಲ್ಲಿ ಓಡುವ ಚಕ್ರವನ್ನಿಟ್ಟರೆ, ಅವು ತಿನ್ನುವುದನ್ನು ಕಡಿಮೆ ಮಾಡಿ, ಓಟವನ್ನು ಹೆಚ್ಚಿಸಿ, ತಡೆಯದಿದ್ದರೆ ಸಾಯುವವರೆಗೂ ಓಡುತ್ತವೆ. ಇಲಿಗೆ ಕನ್ನಡಿಯೂ ಇಲ್ಲ, ಇನ್‌ಸ್ಟಾಗ್ರಾಮೂ ಇಲ್ಲ.

ಹಾಗೆಂದು ಪರಿಸರವನ್ನು ತಳ್ಳಿಹಾಕುವಂತಿಲ್ಲ. ಫಿಜಿ ದ್ವೀಪದ ನಾಡ್ರೋಗಾ ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ತುಂಬಿದ ಮೈಯನ್ನೇ ಚೆಲುವೆಂದು ಭಾವಿಸುತ್ತಿದ್ದ ಅಲ್ಲಿನ ಮೂಲ ಫಿಜಿಯನ್ ಸಮಾಜದ ಶಾಲಾಬಾಲಕಿಯರನ್ನು ಆ ವರ್ಷವೂ 1998ರಲ್ಲೂ ಆನ್ ಬೆಕರ್ ಎಂಬ ಅಮೆರಿಕದ ಸಂಶೋಧಕಿ ಸಮೀಕ್ಷೆ ಮಾಡಿದಾಗ, ಊಟದ ವರ್ತನೆಗಳ ಪ್ರಶ್ನಾವಳಿಯಲ್ಲಿ ಅಪಾಯದ ಮಟ್ಟ ಮುಟ್ಟಿದವರ ಪ್ರಮಾಣ ಶೇ. 12.7ರಿಂದ 29.2ಕ್ಕೆ ಏರಿತ್ತು, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷಗಳಲ್ಲಿ ಶೇ. 11ರಷ್ಟಾಗಿದ್ದರು. ಇದು ನಿಮ್ಮ ಪತಿಯ ವಾದಕ್ಕೆ ಬಲ ಕೊಡುತ್ತದೆ. ಆದರೆ 1988ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ನಡೆದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ: ದಕ್ಷಿಣ ಏಷ್ಯಾ ಮೂಲದ ಶಾಲಾಬಾಲಕಿಯರಲ್ಲಿ ಬುಲಿಮಿಯಾ (ಮಿತಿಮೀರಿ ತಿಂದು, ಆಮೇಲೆ ವಾಂತಿಯಂಥ ದಾರಿಯಿಂದ ಅದನ್ನು ಕಳೆಯಲು ನೋಡುವ ಕಾಯಿಲೆ) ಶೇ. 3.4, ಬಿಳಿಯ ಹುಡುಗಿಯರಲ್ಲಿ ಶೇ. 0.6, ಮುಂದೆ ನೋಡಿದಾಗ, ಹೆಚ್ಚು ಸಾಂಪ್ರದಾಯಿಕ ಮನೆಗಳ ಹುಡುಗಿಯರಲ್ಲಿಯೇ ತೊಂದರೆ ಹೆಚ್ಚು. ಎರಡು ರೀತಿಯ ನಿರೀಕ್ಷೆಗಳ ನಡುವೆ ಸಿಕ್ಕಿಕೊಳ್ಳುವುದೂ ಪರಿಸರವೇ. ಹಾಂಗ್‌ಕಾಂಗಿನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು, ದಪ್ಪವಾಗುವ ಭಯವೇ ಇಲ್ಲದೆ, ಹೊಟ್ಟೆ ಉಬ್ಬರ ಎಂದೋ ರುಚಿ ಇಲ್ಲ ಎಂದೋ ಹೇಳಿ ಊಟ ಬಿಟ್ಟು ಕೃಶರಾದ ರೋಗಿಗಳ ಬಗ್ಗೆ 1990ರ ದಶಕದಲ್ಲಿ ಬರೆದರು. ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ಕಾಲ ಕಳೆಯುವ ಹುಡುಗಿಯರಲ್ಲಿ ಇಂಥವರು ಎಷ್ಟಿರಬಹುದೋ ಎಂದು ಆಗಾಗ ಯೋಚಿಸುತ್ತೇನೆ.

ಕರ್ನಾಟಕದಲ್ಲಿ ಇದು ಇಲ್ಲವೆನ್ನುವಂತಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಂಗಳೂರಿನ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದೇವೆ ಎಂದಿದ್ದರು. ಪ್ರಶ್ನಾವಳಿಗಳನ್ನು ಮಾತ್ರ ನಮ್ಮಲ್ಲಿ ಎಚ್ಚರದಿಂದ ಓದಬೇಕು; "ಹಸಿವಾದರೂ ಊಟ ತಪ್ಪಿಸುತ್ತೀರಾ" ಎಂಬ ಪ್ರಶ್ನೆಗೆ ಶನಿವಾರ ಒಪ್ಪತ್ತು ಮಾಡುವ ಹುಡುಗಿಯೂ ಹೌದು ಎಂದೇ ಉತ್ತರಿಸುತ್ತಾಳೆ.

ಇನ್ನು ನಿಮ್ಮ ಮಗಳ ವಿಷಯ. ಅವಳಿ ಹುಡುಗಿಯರ ಅಧ್ಯಯನಗಳ ಪ್ರಕಾರ ಊಟದ ಅಸ್ವಸ್ಥ ವರ್ತನೆಗಳಲ್ಲಿ ವಂಶವಾಹಿಗಳ ಪ್ರಭಾವ ಮೈನೆರೆಯುವ ಮುನ್ನ ಹೆಚ್ಚುಕಡಿಮೆ ಶೂನ್ಯ, ಮೈನೆರೆಯುವ ಹೊತ್ತಿಗೆ ಅರ್ಧದಷ್ಟು. ಅವಳು ಆ ಹೊಸ್ತಿಲಲ್ಲೇ ಇದ್ದಾಳೆ. ಆದ್ದರಿಂದ ಮುಂದಿನ ಕೆಲವು ವರ್ಷ ಯಾವ ಕಾರಣಕ್ಕೂ ಅವಳ ಮೈ ಬಹುಕಾಲ ಹಸಿದಿರದಂತೆ ನೋಡಿಕೊಳ್ಳುವುದನ್ನೇ ನಾನು ಮುಖ್ಯವೆಂದು ಭಾವಿಸುತ್ತೇನೆ. ಅವಳಿಗೆ ಡಯಟ್ ಬೇಡ, ವ್ರತದ ಉಪವಾಸವೂ ಬೇಡ. ಅತ್ತೆಯವರಿಗೆ ಇದು ಒಪ್ಪಿಗೆಯಾಗದಿರಬಹುದು, ವೈದ್ಯರು ಹೇಳಿದ್ದಾರೆಂದು ಹೇಳಿಬಿಡಿ. ಟ್ಯೂಷನ್ನಿನ ಗಡಿಬಿಡಿಯಲ್ಲಿ ಬೆಳಗಿನ ತಿಂಡಿ ತಪ್ಪದಿರಲಿ. ಟೈಫಾಯ್ಡ್, ಡೆಂಗಿಯಂಥ ಜ್ವರದಲ್ಲಿ ಇಳಿದ ತೂಕ ಮರಳಿ ಬಂತೇ ಎಂದು ನೋಡಿ, "ಸಪೂರವಾಗಿ ಚೆನ್ನಾಗಿ ಕಾಣ್ತೀಯ" ಎಂದು ಮದುವೆಮನೆಯಲ್ಲಿ ಯಾರಾದರೂ ಹೊಗಳಿದರೆ ಮಾತು ಬದಲಾಯಿಸಿ. ಬೆಳೆಯುವ ಮಗುವಿನ ತೂಕ ಏರದೆ ನಿಂತಲ್ಲೇ ನಿಂತರೂ ಅದು ಇಳಿದಂತೆಯೇ. ಮೊಬೈಲಿಗೆ ಮಿತಿ ಹಾಕುವುದು ಒಳ್ಳೆಯದೇ, ಅದೊಂದೇ ಸಾಲದು.

ತೂಕ ಇಳಿಯತೊಡಗಿದರೆ, ಮುಟ್ಟು ಶುರುವಾಗಿ ನಿಂತರೆ, ಊಟವಾದೊಡನೆ ಬಚ್ಚಲಿಗೆ ಹೋಗುವುದು ಅಭ್ಯಾಸವಾದರೆ ತಡ ಮಾಡದೆ ಮಕ್ಕಳ ವೈದ್ಯರನ್ನೂ ಮನೋವೈದ್ಯರನ್ನೂ ಕಾಣಿ. ಮೊದಲ ಮಾತುಕತೆಗೆ 14416ರ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ತಾಯ್ತಂದೆಯರೇ ಕಾಯಿಲೆಯ ಮೂಲ ಎಂಬ ಹಳೆಯ ವಾದವನ್ನು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆಯಾದ ಅಕಾಡೆಮಿ ಫಾರ್ ಈಟಿಂಗ್ ಡಿಸಾರ್ಡರ್ಸ್ 2010ರಲ್ಲೇ ಅಧಿಕೃತವಾಗಿ ತಳ್ಳಿಹಾಕಿದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡು ಇಂದು ಹದಿಹರೆಯದವರಿಗೆ ಮೊದಲ ಆಯ್ಕೆಯೆನಿಸಿರುವ ಕುಟುಂಬ ಆಧಾರಿತ ಚಿಕಿತ್ಸೆಯಲ್ಲಿ ಪ್ರತಿ ಹೊತ್ತಿನ ಊಟಕ್ಕೂ ಮಗುವಿನ ಪಕ್ಕದಲ್ಲಿ ಕೂತು ತಾಳ್ಮೆಯಿಂದ ಉಣ್ಣಿಸುವವರು ಅಪ್ಪ ಅಮ್ಮಂದಿರೇ.