ಅರ್ಧ ಎಣ್ಣೆಯ ಪಾಚಿ ಬಂಕಿಗೆ ಯಾಕೆ ಬಂದಿಲ್ಲ?

ಓದುಗರ ಪತ್ರ: ಪಾಚಿಯ ಒಣ ತೂಕದಲ್ಲಿ ಅರ್ಧದಷ್ಟು ಎಣ್ಣೆ ಇರಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ಪಾಚಿಯ ಡೀಸೆಲ್ ಇನ್ನೂ ಬಂಕಿಗೆ ಬಂದಿಲ್ಲವಲ್ಲ, ಯಾಕೆ?

ಸಂಪಾದಕರ ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಾವು ಬರೆದದ್ದು ಸುಳ್ಳಲ್ಲ, ಆದರೆ ಮಾತನ್ನು ಅಷ್ಟಕ್ಕೇ ಬಿಟ್ಟದ್ದು ತಪ್ಪು.

ಪಾಚಿ ಸುಮ್ನೆ ಎಣ್ಣೆ ಕೂಡಿಡುವುದಿಲ್ಲ. ಸಾರಜನಕ ಸಿಗದೆ ಹಸಿದಾಗ ಎಷ್ಟೋ ತಳಿಗಳು ಬೆಳವಣಿಗೆ ನಿಲ್ಲಿಸಿ, ಕಷ್ಟಕಾಲಕ್ಕೆಂದು ಎಣ್ಣೆ ತುಂಬಿಕೊಳ್ಳುತ್ತವೆ. ಹೊಟ್ಟೆ ತುಂಬ ಗೊಬ್ಬರ ಕೊಟ್ಟರೆ ಪಾಚಿ ಜಾಸ್ತಿ, ಎಣ್ಣೆ ಕಮ್ಮಿ. ಹಸಿವಿಗೆ ಬಿಟ್ಟರೆ ಎಣ್ಣೆಯ ಪಾಲು ಜಾಸ್ತಿ, ಪಾಚಿಯೇ ಕಮ್ಮಿ.

ಇದಕ್ಕಿಂತ ದೊಡ್ಡ ತೊಡಕು ನೀರು. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಇರುವುದು ಸುಮಾರು ಅರ್ಧ ಗ್ರಾಂ ಪಾಚಿ. ಅಂದರೆ ಒಂದು ಕಿಲೋ ಪಾಚಿಯನ್ನು 2,000 ಲೀಟರ್ ನೀರಿನಿಂದ ಬೇರ್ಪಡಿಸಬೇಕು. ಜೀವಕೋಶಗಳು ಎಷ್ಟು ಸಣ್ಣವೆಂದರೆ ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ತಳಕ್ಕೆ ಕೂರಿಸಬೇಕು, ಯಂತ್ರದಲ್ಲಿ ಗಿರ್ರನೆ ತಿರುಗಿಸಬೇಕು, ಆಮೇಲೆ ಒಣಗಿಸಬೇಕು. ಎಣ್ಣೆಯಿಂದ ಸಿಗುವ ಶಕ್ತಿಯ ದೊಡ್ಡ ಪಾಲು ಇಲ್ಲೇ ಕರಗಿಹೋದರೆ ಉಳಿಯುವುದೇನು?

ಅಮೆರಿಕ ಸರ್ಕಾರ 1978ರಿಂದ 1996ರ ತನಕ ಪಾಚಿಯಿಂದ ಇಂಧನ ತೆಗೆಯುವ ಕೆಲಸಕ್ಕೆ ಹಣ ಹಾಕಿತು. ಸುಮಾರು 3,000 ತಳಿ ಸಂಗ್ರಹವಾಯಿತು. ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ ಕೊಳ ಮಾಡಿ ಬೆಳೆಸಿ ನೋಡಿದರು. ಕೆಲವು ದಿನ ಒಂದು ಚದರ ಮೀಟರಿಗೆ 50 ಗ್ರಾಂ ತನಕ ಬಂತು. ಚಳಿ ಬಿದ್ದಾಗ ಇಳುವರಿ ಕುಸಿಯಿತು. ಲ್ಯಾಬ್‌ನಲ್ಲಿ ಗೆದ್ದ ತಳಿಗಳು ಬಯಲಿನಲ್ಲಿ ನಿಲ್ಲಲಿಲ್ಲ, ಸುತ್ತಲಿನ ಪಾಚಿಯೇ ಬಂದು ಕೊಳ ಹಿಡಿಯಿತು. ನನಗೆ ಇದೇ ಈ ಕಥೆಯ ಮುಖ್ಯ ಭಾಗ ಅನಿಸುತ್ತದೆ. 2009ರಲ್ಲಿ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಇದಕ್ಕೆ 60 ಕೋಟಿ ಡಾಲರ್ ತನಕ ಹೂಡುವುದಾಗಿ ಹೇಳಿತ್ತು. 2023ರ ಹೊತ್ತಿಗೆ ಅದೂ ಹಿಂದೆ ಸರಿಯಿತು.

ಹಾಗಂತ ನಾನು ಆಸೆ ಬಿಟ್ಟಿಲ್ಲ. ಒಣಗಿಸುವ ಗೋಜೇ ಇಲ್ಲದ ದಾರಿಯೊಂದಿದೆ. ಗಂಜಿಯಂಥ ಹಸಿ ಪಾಚಿಯನ್ನು ಭಾರೀ ಒತ್ತಡದಲ್ಲಿ 300ರಿಂದ 350 ಡಿಗ್ರಿಗೆ ಕಾಯಿಸಿದರೆ ಕಚ್ಚಾ ತೈಲದಂಥ ಕಪ್ಪು ದ್ರವ ಬರುತ್ತದೆ. ಇದರಲ್ಲಿ ಪಾಚಿಯ ಪ್ರೋಟೀನು ಕೂಡ ತೈಲವಾಗುತ್ತದೆ. ಹಾಗಾಗಿ ಪಾಚಿಯನ್ನು ಉಪವಾಸ ಕೆಡವಬೇಕಿಲ್ಲ, ಚೆನ್ನಾಗಿ ಬೆಳೆಯಲು ಬಿಟ್ಟರೆ ಸಾಕು. ಆದರೆ ಪ್ರೋಟೀನಿನ ಸಾರಜನಕವೂ ತೈಲಕ್ಕೆ ಬರುತ್ತದೆ. ಅದನ್ನು ಹೈಡ್ರೋಜನ್ ಬಳಸಿ ತೆಗೆಯಬೇಕು, ಆ ಖರ್ಚು ಬೇರೆ.

ಇನ್ನು ಮುಂದೆ ಪಾಚಿಯ ಬಗ್ಗೆ ಬರೆದಾಗ ಎಣ್ಣೆಯ ಪಾಲಿನ ಪಕ್ಕದಲ್ಲೇ, ಬಯಲಿನ ಕೊಳದಲ್ಲಿ ವರ್ಷವಿಡೀ ಸಿಕ್ಕ ಸರಾಸರಿ ಇಳುವರಿಯನ್ನೂ ಕೊಡುತ್ತೇವೆ.