ಭಾನುವಾರದ ಹಡಗು

ಪ್ರಶ್ನೆ: ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಹಡಗುಗಳ ಆಟ ಆಡುವಾಸೆ. ಬಿಡುವು ಭಾನುವಾರ ಮಾತ್ರ. 2003ರಿಂದ ಆಡುತ್ತಿರುವವರ ಮುಂದೆ ನನ್ನಂಥವರು ನಿಲ್ಲಬಹುದಾ? – ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ! ದುಡ್ಡು ಕೊಡಬೇಡಿ, ಉಚಿತ ಆಲ್ಫಾ ಖಾತೆ ಸಾಕು. ಇಲ್ಲಿ ಕೌಶಲ ಬೆಳೆಯುವುದು ಗಡಿಯಾರದ ಲೆಕ್ಕದಲ್ಲಿ. ತರಬೇತಿಗೆ ಹಚ್ಚಿ ಕಂಪ್ಯೂಟರ್ ಆಫ್ ಮಾಡಿದರೂ ಅದು ನಡೆಯುತ್ತದೆ, ಆದರೆ ಆಲ್ಫಾದಲ್ಲಿ ತರಬೇತಿಯ ಸರದಿಗೆ 24 ಗಂಟೆಯ ಮಿತಿ ಇದೆ. ಹೀಗೆ ಆಲ್ಫಾಗೆ 50 ಲಕ್ಷ ಕೌಶಲ ಅಂಕದವರೆಗೆ ಸಿಗುತ್ತದೆ. ವಾರಕ್ಕೊಮ್ಮೆ ಬರುವವರಿಗೆ ಶುರುವಿಗೆ ಇಷ್ಟು ಸಾಕು, ಅಲ್ವಾ?

ಮೊದಲು ಹೊಸಬರಿಗೆ ಆಟ ಕಲಿಸುವ ಕೆರಿಯರ್ ಏಜೆಂಟರು ಕೊಡುವ ಕೆಲಸ ಮುಗಿಸಿ, ಸಣ್ಣ ಹಡಗುಗಳು ಪುಕ್ಕಟೆ ಸಿಗುತ್ತವೆ. ಆಟದ ಪ್ರತಿ ನಕ್ಷತ್ರ ವ್ಯವಸ್ಥೆಗೂ ಒಂದು ಭದ್ರತಾ ಅಂಕಿ ಇರುತ್ತದೆ; ಅದು 0.5ಕ್ಕಿಂತ ಕಡಿಮೆ ಇರುವ ಕಡೆ ಸದ್ಯಕ್ಕೆ ಬೇಡ. ಮೇಲಿದ್ದರೂ ಮೈಮರೆಯಬೇಡಿ. ಆಟದೊಳಗಿನ ಕಾಂಕಾರ್ಡ್ ಪೊಲೀಸರು ಹೊಡೆದವನನ್ನು ದಂಡಿಸುತ್ತಾರೆ, ನಿಮ್ಮ ಹಡಗನ್ನು ಉಳಿಸಿಕೊಡುವುದಿಲ್ಲ. ಕಳೆದರೆ ಹೊಟ್ಟೆ ಉರಿಯುವಂಥ ಹಡಗನ್ನು ಹೊರಗೆ ತೆಗೆಯಲೇಬೇಡಿ. ಆಟದ ದೊಡ್ಡ ಮಾರುಕಟ್ಟೆಯಾದ ಜೀಟಾ ಸಂತೆಯಲ್ಲಿ ‘ಹಣ ದುಪ್ಪಟ್ಟು ಮಾಡಿಕೊಡ್ತೀನಿ’ ಎನ್ನುವವರು ಜಾಸ್ತಿ. ನಾನಂತೂ ಅಲ್ಲಿ ಚಾಟ್ ಕಿಟಕಿಯನ್ನೇ ಮುಚ್ಚಿಡುತ್ತೇನೆ.